ನಾದಿನಿಯ ಸೆಲ್ಲು, ನನ್ನ ಹೊಟ್ಟಿಕಿಚ್ಚು

ಮನಿತನದಾಗ ಒಬ್ಬಾಕಿ ವಿಜ್ಞಾನಿ ಇದ್ಲಂದ್ರ ನಗುವಂಥಾ ಪ್ರಸಂಗಕ್ಕ ಕೊರತಿ ಇರೂದಿಲ್ಲ. ಉಳಿದವರು ನಕ್ಕೋಂತ ಇರ್ತಾರ, ನಾ ಒಬ್ಬಾಂವ ಹೊಟ್ಟಿ ಉರಕೋಂತ ಕುಂತಿರ್ತೇನಿ.

ವಿಜ್ಞಾನಿ ಅಂದ್ರ ನನ್ನ ಹೆಂಡತಿಯ ತಂಗಿ, ಇಳಕಲ್ಲಿನ ನೇಕಾರರ ಮನಿ ಹುಡುಗಿ. ನಾ ಬಾಗಲಕೋಟ್ಯಾಗ ಡಿಗ್ರಿ ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಕಲಸಾಂವ. ಆಕಿ ಬಿ.ಎಸ್ಸಿ. ಓದಿದ್ದು ನನ್ನ ಕ್ಲಾಸಿನ್ಯಾಗ. ಜೀವಕೋಶ ಅಂದ್ರ ಹೆಂಗಿರ್ತೈತಿ ಅಂತ ಬೋರ್ಡಿನ ಮ್ಯಾಲ ಗುಂಡಗ ಬರದು ಮೊದಲ ತೋರಿಸಿದಾಂವ ನಾನು. ಆಮ್ಯಾಲ ಆಕಿ ಹೈದರಾಬಾದಿಗೆ ಹೋಗಿ, ಕ್ಯಾನ್ಸರ್ ಕೋಶಗೋಳು ಒಂದಕ್ಕೊಂದು ಸುದ್ದಿ ಹೆಂಗ ಮುಟ್ಟಸ್ತಾವು, ಹುಟ್ಟಿದ ಜಾಗಾ ಬಿಟ್ಟು ಮೈತುಂಬ ಹೆಂಗ ಹರಡತಾವು ಅನ್ನೂದರ ಮ್ಯಾಲ ಸಂಶೋಧನೆ ಸುರು ಮಾಡಿದ್ಲು. ನಾ ಬೋರ್ಡಿನ ಮುಂದ ಉಳದೆ.

ಅದಕ್ಕಿಂತ ಮೊದಲ ಇಳಕಲ್ಲಿನ ಮನ್ಯಾಗ ಯಾರಿಗರ ಬಾವು ಬರ್ಲಿ, ಚೇಳು ಕಡೀಲಿ, ಎಮ್ಮಿ ಮೇವು ಬಿಡ್ಲಿ, "ಅಳಿಯಾರನ್ನ ಕೇಳ್ರಿ" ಅಂತಿದ್ರು. ಆಕಿ ವಿಜ್ಞಾನಿ ಆದ ಮ್ಯಾಲ ನನ್ನ ಪಾಲಿಗೆ ಉಳದದ್ದು ಎಮ್ಮಿ ಒಂದ.

ಸೆಲ್ಲಿಗೆ ಸಿಗ್ನಲ್

ಇಳಕಲ್ಲಿಗೆ ಮೊಬೈಲು ಹೊಸದಾಗಿ ಬಂದಿದ್ದವು. ಎಲ್ಲಾರೂ ಅದಕ್ಕ ಸೆಲ್ಲು ಅಂತಿದ್ರು. ನಾದಿನಿ ರಜಾಕ್ಕ ಬಂದಾಗ ಮಾವನವ್ರು ಕೇಳಿದ್ರು, "ಅಲ್ಲವಾ, ನೀ ಅಲ್ಲೆ ಮಾಡೂದರ ಏನು?"

"ಸೆಲ್ಲಿಗೆ ಸಿಗ್ನಲ್ ಹೆಂಗ ಬರ್ತೈತಿ, ಬಂದದ್ದು ಒಳಗ ಹೆಂಗ ಹೋಗ್ತೈತಿ, ಎಲ್ಲೆ ಕೆಡತೈತಿ ಅಂತ ನೋಡೂದಪ್ಪಾ."

ಮಾವನವ್ರಿಗೆ ಪೂರಾ ತಿಳೀತು. ಮರುದಿನ ಮುಂಜಾನೆ ಓಣಿಯ ಪಾವರ್‌ಲೂಮಿನ ಸಾಹುಕಾರ್ರು ಕೈಯಾಗ ಫೋನ್ ಹಿಡಕೊಂಡು ಬಂದು ನಿಂತ್ರು. "ಯವ್ವಾ, ಮಗ್ಗದ ಖೋಲ್ಯಾಗ ನಮ್ಮ ಸೆಲ್ಲಿಗೆ ಸಿಗ್ನಲ್ ಬರವಲ್ದು. ಏನಾಗೈತಿ ನೋಡು."

ನನಗ ತಡಕೊಳ್ಳಾಕ ಆಗಲಿಲ್ಲ. "ಇದು ಆ ಸೆಲ್ಲಲ್ರಿ. ಆಕಿ ಓದೂದು ಮೈಯಾಗಿನ ಸೆಲ್ಲು" ಅಂತ ತಿಳಿಸಿ ಹೇಳಾಕ ಹೋದೆ. ಮಾವನವ್ರು ನನ್ನ ಕಡೆ ತಿರುಗಿ, "ನೀವು ಸುಮ್ಮನ ಕುಂದರ್ರಿ ಅಳಿಯಾರ, ಓದಿದವರು ನೋಡ್ತಾರ" ಅಂದ್ರು.

ನಾದಿನಿ ಫೋನ್ ತಗೊಂಡು ಬ್ಯಾಟರಿ ತಗದ್ಲು, ಓಢಣಿಯಿಂದ ಒರಸಿ ಮತ್ತ ಹಾಕಿದ್ಲು, "ಮಾಳಗಿ ಮ್ಯಾಲ ನಿಂತು ಮಾತಾಡ್ರಿ ಕಾಕಾ" ಅಂದ್ಲು. ಸಾಹುಕಾರ್ರು ಮ್ಯಾಲ ಹತ್ತಿ ಹಲೋ ಅಂದ್ರು. ಆ ಕಡಿಂದ ಯಾರೋ ಹಲೋ ಅಂದ್ರು. ಸಂಜಿಗೆ ಅರ್ಧ ಓಣಿ ಫೋನ್ ಹಿಡಕೊಂಡು ನಮ್ಮ ಕಟ್ಟಿ ಮ್ಯಾಲ ಕುಂತಿತ್ತು.

ಬ್ಯಾಟರಿ ತಗದು ಹಾಕೂದು ನನಗೂ ಬರ್ತಿತ್ತು. ಆದ್ರ ಅದಕ್ಕ ಪಿಎಚ್.ಡಿ. ಬೇಕಾಗ್ತೈತಿ ಅಂತ ಇವತ್ತಿಗೂ ಮಾವನವ್ರ ನಂಬಿಗಿ.

ಗುರುವಿಗೆ ಮಾನ

ನಮ್ಮ ಕಾಲೇಜಿನ್ಯಾಗ ಆಕಿ ಭಾಷಣ ಇಟ್ರು. ಪ್ರಿನ್ಸಿಪಾಲರು ನನ್ನ ಕರದು, "ಹೆಂಗೂ ನಿಮ್ಮ ಮನಿಯವರ ಅಲ್ಲೇನ್ರಿ, ಶಾಲು, ಹಾರ, ಕಾಯಿ ಇದ್ದ ತಾಟು ನೀವ ಹಿಡೀರಿ" ಅಂದ್ರು. ಹಿಡದೆ.

ಆಕಿ ಮೈಕಿನ ಮುಂದ ಬಂದು, "ಅಲ್ಲೆ ತಾಟು ಹಿಡಕೊಂಡು ನಿಂತವರು ನನ್ನ ಗುರುಗೋಳು. ಕೋಶ ಅಂದ್ರೇನು ಅಂತ ನನಗ ಮೊದಲ ಕಲಿಸಿದವರು" ಅಂದ್ಲು. ಸಭಾ ಚಪ್ಪಾಳಿ ಹೊಡೀತು. ನನ್ನ ಎದಿ ಉಬ್ಬಿತು, ತಾಟು ವಾಲಿತು, ಕಾಯಿ ಉರುಳಿ ಪ್ರಿನ್ಸಿಪಾಲರ ಖುರ್ಚಿ ಕೆಳಗ ಹೋತು. ಬಗ್ಗಿ ತಗೊಂಡು ಬಂದೆ. ಆದ್ರೂ ಸಂತೋಷ ಇತ್ತು.

ಭಾಷಣ ಮುಗದ ಮ್ಯಾಲ ನನ್ನ ಕ್ಲಾಸಿನ ಹುಡುಗಿ ಒಬ್ಬಾಕಿ ಎದ್ದು ನಿಂತ್ಲು. "ಮೇಡಂ, ಕೋಶದ ಪೊರಿ ಅಂದ್ರ ಬರೇ ಚೀಲ ಇದ್ದಂಗ ಅಂತ ಸರ್ ಹೇಳ್ಯಾರ. ನೀವು ಅದ ಹೊರಗಿನ ಸುದ್ದಿ ಕೇಳಿ ಒಳಗ ಮುಟ್ಟಸ್ತೈತಿ ಅಂದ್ರಿ. ಪರೀಕ್ಷಾದಾಗ ಯಾವದು ಬರೀಬೇಕ್ರಿ?"

ನಾದಿನಿ ನನ್ನ ಕಡೆ ನೋಡಿದ್ಲು. ಗುರುವಿನ ಮಾನ ಉಳಿಸಬೇಕಂತ ಆಕಿ ಮನಸಿನ್ಯಾಗ ಇತ್ತು, ಅದು ಮಾರಿ ಮ್ಯಾಲ ಕಾಣತಿತ್ತು.

"ಪರೀಕ್ಷಾದಾಗ ಸರ್ ಹೇಳಿದ್ದ ಬರೀವಾ" ಅಂದ್ಲು. "ಖರೇ ಏನೈತಿ ಅದನ್ನ ಪಾಸಾದ ಮ್ಯಾಲ ತಿಳಕೊಳ್ಳಾಕ ಬರ್ತೈತಿ."

ಎಲ್ಲಾರಕಿಂತ ಮೊದಲ ನಕ್ಕವರು ಪ್ರಿನ್ಸಿಪಾಲರು.

ಹರಡೂದು ಅಂದ್ರ

ಡ್ಯಾಮಿನ ಹಿನ್ನೀರು ಹಳೇ ಬಾಗಲಕೋಟಿಗೆ ಏರಿದಾಗ ನಮ್ಮ ಅಣ್ಣನ ಸಂಸಾರ ನವನಗರದಾಗ ನಮ್ಮ ಮನಿಗೆ ಬಂತು. ಹೊಸಾ ಮನಿ ಮುಗಿಯೂತನಕ ಇರ್ತೇವಿ ಅಂತ ಬಂದಿದ್ರು. ಬುನಾದಿ ಇನ್ನೂ ತಗದಿರಲಿಲ್ಲ. ಅದ ಹೊತ್ತಿನ್ಯಾಗ ನಾದಿನಿ ಬಂದ್ಲು.

ನನ್ನ ಹೆಂಡತಿ ರೊಟ್ಟಿ ಬಡಕೋಂತ ಕೇಳಿದ್ಲು, "ಅಲ್ಲ, ಈ ಕ್ಯಾನ್ಸರ್ ಒಂದು ಕಡೆ ಹುಟ್ಟಿ ಮತ್ತೊಂದು ಕಡೆ ಹೆಂಗ ಹೋಗ್ತೈತಿ? ನಿಮ್ಮ ಮಾಮಾನ್ನ ಕೇಳಿದ್ರ ನನಗ ನಿದ್ದಿ ಬರ್ತೈತಿ." ಮಾಮಾ ಅಂದ್ರ ನಾನು.

"ಹುಟ್ಟಿದ ಜಾಗಾದಾಗ ಇಕ್ಕಟ್ಟಾದ ಕೂಡ್ಲೆ ಒಂದೊಂದು ಕೋಶ ಎದ್ದು ಹೊಂಡತಾವಕ್ಕಾ" ಅಂದ್ಲು ನಾದಿನಿ. "ರಕ್ತದಾಗ ಕೂಡಿ ಹೋಗಿ ಮತ್ತೊಂದು ಕಡೆ ಇಳೀತಾವು. ಮೊದಲ ಮೂಲ್ಯಾಗ ಸುಮ್ಮನ ಕುಂದರ್ತಾವು. ಆಮ್ಯಾಲ ಆಜೂಬಾಜೂ ಇದ್ದ ಕೋಶಗೋಳಿಗೆ ಸುದ್ದಿ ಕಳಸಿ, ಅವನ್ನ ಒಲಿಸಿಕೊಂಡು, ಅವುಗಳ ಕೂಳ ತಿಂತಾವು. ಹೊಟ್ಟಿ ತುಂಬಿದ ಮ್ಯಾಲ ಸಂಸಾರ ಬೆಳಸ್ತಾವು. ಕಡೀಕ ಆ ಜಾಗಾನ ತಮ್ಮದು ಅಂತಾವು."

ಹೆಂಡತಿ ರೊಟ್ಟಿ ಬಡಿಯೂದು ನಿಲ್ಲಿಸಿ ಪಡಸಾಲಿ ಕಡೆ ನೋಡಿದ್ಲು. ಅಲ್ಲೆ ನಮ್ಮ ಅಣ್ಣ ನನ್ನ ಖುರ್ಚ್ಯಾಗ ಕುಂತು, ನನ್ನ ಪೇಪರ್ ಓದಕೋಂತ, ಇನ್ನೊಂದು ಕಪ್ಪು ಚಾ ಕೇಳಾಕತ್ತಿದ್ದ.

"ಈಗ ತಿಳೀತು ನೋಡು" ಅಂದ್ಲು. "ನಿಮ್ಮ ಮಾಮಾ ಇಷ್ಟು ವರ್ಷ ಹೇಳಿದ್ರೂ ತಿಳಿದಿರಲಿಲ್ಲ, ಉದಾಹರಣಿ ಮನ್ಯಾಗ ಇಟ್ಕೊಂಡು."

ಬರೇ ಕೊಬ್ಬು

ನಮ್ಮ ಅತ್ತಿಯವರ ಹೆಗಲ ಹಿಂದ ಒಂದು ಗಂಟು ಎದ್ದಿತ್ತು. ಭಾಳ ದಿನ ಸೆರಗು ಮುಚ್ಚಿಕೊಂಡು ಅಡ್ಡಾಡಿದ್ರು. ನಾವು ಇಳಕಲ್ಲಿಗೆ ಹೋದಾಗ ನನ್ನ ಹೆಂಡತಿ ಕಣ್ಣಿಗೆ ಬಿತ್ತು. ಆಕಿ ಅಂಜಿ ನನ್ನ ಕರದ್ಲು. ನೀನ ಒತ್ತಿ ನೋಡು ಅಂತ ಆಕಿಗೆ ಅಂದೆ. ಗಂಟು ಮೆತ್ತಗೈತಿ, ಬೆರಳಿಗೆ ಸರೀತೈತಿ ಅಂದ್ಲು. ಪಡಸಾಲ್ಯಾಗ ಓಣಿಯ ಹೆಣ್ಮಕ್ಕಳೂ ಕುಂತಿದ್ರು. ಎಲ್ಲಾರಿಗೂ ಧೈರ್ಯ ಬರ್ಲಿ ಅಂತ ದೊಡ್ಡ ದನಿಯಾಗ ಹೇಳಿದೆ, "ಅತ್ತಿ, ಅಂಜಬ್ಯಾಡ್ರಿ. ನಿಮಗ ಏನೂ ಆಗಿಲ್ಲ, ಬರೇ ಕೊಬ್ಬು. ಆದ್ರೂ ಒಮ್ಮೆ ದವಾಖಾನ್ಯಾಗ ತೋರಸೋಣು."

ಕೊಬ್ಬು ಅಂದ ಮ್ಯಾಲ ಮುಂದಿನ ಮಾತು ಯಾರಿಗೂ ಕೇಳಲಿಲ್ಲ. ಅತ್ತಿಯವರು ಸೆರಗು ಹೊತ್ತುಕೊಂಡು ಒಳಗ ಹೋದ್ರು. ಆ ದಿನ ನನ್ನ ತಾಟಿಗೆ ಹೋಳಿಗಿ ಬರಲಿಲ್ಲ. ಮಾವನವ್ರು ನನ್ನ ಹೊರಗ ಕರಕೊಂಡು ಹೋಗಿ, "ಅಳಿಯಾರ, ಹಿರೇರಿಗೆ ಮಂದಿ ಮುಂದ ಹಂಗ ಅನಬಾರದು" ಅಂದ್ರು.

ಸುದ್ದಿ ಕೇಳಿ ನಾದಿನಿ ಹೈದರಾಬಾದಿನಿಂದ ಓಡಿ ಬಂದ್ಲು. ಅತ್ತಿಯವರನ್ನ ಬಾಗಲಕೋಟಿಗೆ ಕರಕೊಂಡು ಹೊಂಟ್ವಿ. ಹುನಗುಂದ ದಾಟಿದ್ರೂ ಅತ್ತಿಯವರು ನನ್ನ ಕಡೆ ತಿರುಗಿ ನೋಡಲಿಲ್ಲ. ಡಾಕ್ಟರು ಸೂಜಿಯಿಂದ ಗಂಟಿನಾಗಿಂದು ಒಂದೀಟು ತಗದು ತಪಾಸಣಿಗೆ ಕಳಿಸಿದ್ರು.

ಅದರ ಫಲಿತಾಂಶ ಬರೋ ದಿನ ನಾನು, ನಾದಿನಿ ಡಾಕ್ಟರ ಖೋಲಿ ಮುಂದ ಬಾಕಿನ ಮ್ಯಾಲ ಕುಂತಿದ್ವಿ.

"ಮಾಮಾ, ನಿಮಗ ಖರೇನ ಕೊಬ್ಬು ಅನಸ್ತೈತೇನ್ರಿ?"

"ದಿನಾ ಇಂಥವನ್ನ ಸೂಕ್ಷ್ಮದರ್ಶಕದಾಗ ನೋಡಾಕಿ ನೀನು. ನನ್ನ ಕೇಳ್ತಿಯಲ್ಲ?"

"ಅವು ಯಾರವೋ ಏನೋ ಮಾಮಾ. ಇದು ಅವ್ವಂದು."

ವಿಜ್ಞಾನಿ ಆದ ಮ್ಯಾಲ ಆಕಿ ನನ್ನ ಏನರ ಕೇಳಿದ್ದು ಅದ ಮೊದಲು. ಹಿಗ್ಗಬೇಕಿತ್ತು, ಹಿಗ್ಗಾಕ ಆಗಲಿಲ್ಲ. "ಮೆತ್ತಗೈತಿ, ಸರೀತೈತಿ, ಕೊಬ್ಬ ಇರ್ತೈತಿ. ಅಂಜಬ್ಯಾಡ" ಅಂದೆ. ಒಳಗ ನಾನೂ ಅಂಜಿದ್ದೆ.

ಡಾಕ್ಟರು ಕರದ್ರು. ಕೊಬ್ಬಿನ ಗಂಟು, ಚಿಂತಿ ಮಾಡಬ್ಯಾಡ್ರಿ ಅಂದ್ರು. ನಾದಿನಿ ಹೊರಗ ಗಿಡದ ನೆಳ್ಳಿಗೆ ಕುಂತಿದ್ದ ಅತ್ತಿಯವರ ಕಡೆ ಓಡಿ, "ಅವ್ವಾ, ಬರೇ ಕೊಬ್ಬು" ಅಂದ್ಲು. ನಾ ಅಂದ ಮಾತ ಅದು, ಒಂದಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ. ಅತ್ತಿಯವರು ಮಗಳನ್ನ ತಬ್ಬಿಕೊಂಡು ಅತ್ತೂ ಅತ್ತೂ ನಕ್ಕರು.

ಇಳಕಲ್ಲಿಗೆ ಬಂದ ಕೂಡ್ಲೆ ಓಣಿಗೆಲ್ಲ ಫೇಡೆ ಹಂಚಿದ್ರು. "ನನ್ನ ಮಗಳು ಅಷ್ಟು ದೂರದಿಂದ ಬಂದು, ನನಗ ಬರೇ ಕೊಬ್ಬು ಅಂತ ಕಂಡುಹಿಡದ್ಲು" ಅಂತ ಮನಿಮನಿಗೆ ಹೇಳಿದ್ರು.

ನಾ ಸಾವಕಾಶ ಹತ್ರ ಹೋಗಿ, "ಅತ್ತಿ, ನಾನೂ ಅದನ್ನ ಅಂದಿದ್ನಲ್ರಿ" ಅಂದೆ.

ಅತ್ತಿಯವರು ನನ್ನ ಕೈಯಾಗ ಒಂದು ಫೇಡೆ ಇಟ್ಟು ಬೆನ್ನ ಮ್ಯಾಲ ಕೈಯಾಡಿಸಿದ್ರು.

"ಇಂಥಾ ಖುಷಿ ದಿನ ಅದನ್ನ್ಯಾಕ ತಗೀತೀರಿ ಅಳಿಯಾರ? ನೀವು ಬೈದದ್ದನ್ನ ನಾ ಮನಸಿನ್ಯಾಗ ಇಟ್ಕೊಂಡಿಲ್ಲ."