ಅವ್ವ ಕಾಲಿಡದ ಮಣ್ಣಿನ ಮನೆ

ಇಪ್ಪತ್ತು ವರ್ಷ ಸಿಮೆಂಟಿನಲ್ಲಿ ಕೈ ಸವೆಸಿದ ಗೌಂಡಿ ನಾನು. ಆಗ ಕೆಲಸದ ಮೇಲೆ ನಕ್ಕ ನೆನಪೇ ಇಲ್ಲ. ಮಣ್ಣು, ಹಳೇ ಬಾಗಿಲು, ಖಾಲಿ ಬಾಟಲಿ ಕೂಡಿಸಿ ಮನೆ ಕಟ್ಟಲು ಹತ್ತಿದ ಮೇಲೆ ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಗಿದೆ. ಮಿಶ್ರಿಕೋಟಿ ಕಡೆ ಒಬ್ಬ ಮಾಸ್ತರರ ಹೊಲದಲ್ಲಿ ಕಟ್ಟಿದ ಮನೆಯನ್ನೇ ನೋಡಿ. ಪಾಯ ತೋಡುವ ದಿನವೇ ಮಾಸ್ತರರ ಅವ್ವ ಹೇಳಿಬಿಟ್ಟರು: "ಮಣ್ಣಿನ ಗ್ವಾಡಿ ಸಾರಸಿ ಸಾರಸಿ ನನ್ನ ಕೈ ಬಿದ್ದು ಹೋಗ್ಯಾವು. ಸ್ಲ್ಯಾಬ್ ಇಲ್ಲದ ಮನಿಯಾಗ ನಾ ಕಾಲಿಡೂದಿಲ್ಲ."

ಬಾಟಲಿ

ಗೋಡೆಯಲ್ಲಿ ಬೆಳಕಿಗೆಂದು ಗಾಜಿನ ಬಾಟಲಿ ಕೂಡಿಸಬೇಕಿತ್ತು. ಮಾಸ್ತರರು ಅಗದಿ ಸಂಭಾವಿತರು, ಚಹಾ ಬಿಟ್ಟರೆ ಬೇರೆ ಚಟವಿಲ್ಲ. ನನ್ನನ್ನು ಮುಂದೆ ಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಗೆ ಬಂದರು. ಅಲ್ಲಿ ಕುಡಿಯುವವರ ನಡುವೆ ಕೂತಿದ್ದ ಒಬ್ಬ ಕಾಕಾನಿಗೆ, "ಮಾಸ್ತರಿಗೆ ಇನ್ನೂರು ಖಾಲಿ ಬಾಟ್ಲಿ ಬೇಕಾಗ್ಯಾವು" ಅಂದೆ.

ಕಾಕಾ ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದ. "ಖಾಲಿವು ಇಲ್ರಿ. ತುಂಬಿದ್ವು ಕೊಡಸ್ರಿ, ವಾರದಾಗ ಖಾಲಿ ಮಾಡಿ ಕೊಡತೀವಿ. ಕೂಲಿ ಏನೂ ಬ್ಯಾಡ."

ಬಾಗಿಲು

ಮುಂಬಾಗಿಲು ದೇವಿಕೊಪ್ಪದಲ್ಲಿ ಕೆಡವಿದ ಮನೆಯದು. ಮಾರಿದ ಹಿರಿಯರು ಅದು ಹೆಂಗೆ ಕುಂತಿದೆ ಅಂತ ನೋಡಲು ಬಂದವರು, ಕೂಗದೆ ಕೆಮ್ಮದೆ ನೇರ ಅಡುಗೆಮನೆಗೇ ನಡೆದರು. ರೊಟ್ಟಿ ಬಡಿಯುತ್ತಿದ್ದ ಮಾಸ್ತರರ ಹೆಂಡತಿ ಹೌಹಾರಿ, "ಬಾಗಲಾ ಬಡೀಬಾರದೇನ್ರಿ?" ಅಂದರು.

"ನಮ್ಮ ಬಾಗಲಾ ನಾವ ಬಡಿಯೂದೇನ್ ತಂಗಿ?"

ಕಚ್ಚಾ

ಒಕ್ಕಲಾಗಿ ತಿಂಗಳಾದರೂ ಅವ್ವ ಹಟ ಬಿಡಲಿಲ್ಲ. ಊರಿನಿಂದ ದಿನಾ ಬಂದು ಕಿಟಕಿ ಬಾಜು ಬೇವಿನ ನೆರಳಿಗೆ ಕೂರುತ್ತಿದ್ದರು. ಊಟ ಅಲ್ಲಿಗೇ ಹೋಗುತ್ತಿತ್ತು. ನನಗೆ ಬಹಳ ಕೆಡುಕೆನಿಸುತ್ತಿತ್ತು.

ಒಂದು ದಿನ ನಾನು ಅಲ್ಲಿದ್ದಾಗಲೇ ಪಂಚಾಯ್ತಿಯಿಂದ ಮನೆಗಳ ಸರ್ವೆಗೆ ಒಬ್ಬ ಬಂದ. ಮಣ್ಣಿನ ಗೋಡೆ ನೋಡಿದ, ಹಳೇ ಹಂಚು ನೋಡಿದ, ಕರೆಂಟಿನ ಕಂಬ ಹುಡುಕಿದ, ಸಿಗಲಿಲ್ಲ. "ಪಾಪ, ಅಗದಿ ಬಡವರು! ಕಚ್ಚಾ ಮನಿ ಅಂತ ಬರಕೋತೇನಿ."

ಅವ್ವ ಧಡಕ್ಕನೆ ಎದ್ದರು. "ಯಾರ ಮನಿಗೆ ಕಚ್ಚಾ ಅಂತಿ? ಬಾ ಒಳಗ!" ಅವನ ರಟ್ಟೆ ಹಿಡಿದು ಎಳೆದುಕೊಂಡೇ ಹೊಸ್ತಿಲು ದಾಟಿದರು. ಹಟ ನೆನಪಾಗಿ ಎಲ್ಲಿ ಹೊರಗೆ ಬಂದಾರೋ ಅಂತ ಮಾಸ್ತರರೂ ನಾನೂ ಉಸಿರು ಬಿಡಲಿಲ್ಲ. ಅವ್ವ ಗೋಡೆ ಗುದ್ದಿ ತೋರಿಸಿದರು, ಸೋಲಾರ್ ಫ್ಯಾನು ಹಚ್ಚಿ ತೋರಿಸಿದರು. ಯಾವ ಬಟನ್ ಯಾವುದಕ್ಕೆ ಅನ್ನುವುದನ್ನೆಲ್ಲ ಕಿಟಕಿಯಿಂದಲೇ ಕಲಿತುಬಿಟ್ಟಿದ್ದರು!

"ಎಲ್ಲಾ ಖರೇರಿ ಅಜ್ಜಿ," ಅಂದ ಅವನು, "ಆದ್ರ ಮ್ಯಾಲೆ ಸ್ಲ್ಯಾಬ್ ಇಲ್ಲಲ್ಲ?"

"ನಿಮ್ಮ ಪಂಚಾಯ್ತಿಗೆ ಸ್ಲ್ಯಾಬ್ ಐತೆಲ್ಲೋ ತಮ್ಮಾ, ಮಳಿ ಬಂದ್ರ ಫೈಲಿನ ಮ್ಯಾಲೆ ತಾಡಪತ್ರಿ ಯಾಕ ಹೊಚ್ಚತೀರಿ? ಮೊದಲ ಕಚ್ಚಾ ಅಂತ ಅದರ ಹೆಸರು ಬರಕೋ!"