ಮೂರು ಹೆಬ್ಬೆಟ್ಟಿನ ನೀರು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಕಳೆದ ಹದಿನಾಲ್ಕು ತಿಂಗಳಿಂದ ಒಂದೇ ಒಂದು ದೂರು ಕೂಡ ಬಾಕಿ ಉಳಿದಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಕೊಚ್ಚುವ ವಿಷಯ ನನ್ನ ಹತ್ತಿರ ಬೇರೆ ಬೇಕಾದಷ್ಟಿದೆ. ಮಹಾಪೂರ ಬಂದ ವರ್ಷ ಬಿರುಕು ಬಿಟ್ಟ ಮೇನ್ ಪೈಪಿಗೆ ಬೆನ್ನು ಕೊಟ್ಟು ಮೂರು ದಿನ ನಿಂತವನು ನಾನು. ಪೈಪಿನ ಕಂಪನಿಯ ಹೆಸರನ್ನು ನನ್ನ ಬೆನ್ನಿನ ಮೇಲೆ ಈಗಲೂ ಓದಬಹುದು. ಆದರೆ ದೂರು ಬಾಕಿ ಇಲ್ಲ ಎಂಬುದು ಸರ್ಕಾರಿ ಸತ್ಯ. ಕಚೇರಿಯ ಮೊಬೈಲ್ ಗ್ರೂಪಿನಲ್ಲಿ ಹಾಗೆಂದು ಬರೆದಿದೆ.

ನಾನು ಇಲ್ಲಿಯ ನೀರುಗಂಟಿ. ಬೀದಿಬೀದಿಯ ವಾಲ್ವು ತೆಗೆದು ನೀರು ಬಿಡುವವನು, ಮುಚ್ಚಿ ನಿಲ್ಲಿಸುವವನು. ವಯಸ್ಸಾಯಿತು ಎಂದು ಎರಡು ಸಲ ನನ್ನನ್ನು ಮನೆಗೆ ಕಳಿಸಿದರು, ಎರಡು ಸಲವೂ ಮನೆಗೇ ಬಂದು ಕರೆದುಕೊಂಡು ಹೋದರು. ಯಾವ ವಾಲ್ವು ಯಾವ ಕಲ್ಲಿನಡಿ ಹೂತಿದೆ ಎಂಬುದು ನನಗೊಬ್ಬನಿಗೇ ಗೊತ್ತು. ನೆಲಕ್ಕೆ ಕಿವಿಯಿಟ್ಟರೆ ಯಾರ ಮನೆಯಲ್ಲಿ ಯಾರು ಸ್ನಾನ ಮಾಡುತ್ತಿದ್ದಾರೆ ಎಂದು ಹೇಳಬಲ್ಲೆ. ಮರ್ಯಾದಸ್ಥನಾದ್ದರಿಂದ ಹೇಳುವುದಿಲ್ಲ.

ಮೊದಲೆಲ್ಲ ಕೆಲಸ ಬಾಯಲ್ಲಿ ನಡೆಯುತ್ತಿತ್ತು. ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ "ತಾತಾ, ಮೂಲೆ ವಾಲ್ವ್ ತೆಗಿ" ಅನ್ನುವರು, ನಾನು ತೆಗೆಯುವೆ, ನೀರು ಬರುವುದು. ಇದು ಹಿಂದುಳಿದ ಪದ್ಧತಿ ಎಂಬುದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಒಂದು ದಿನ ಹೊಸ ಸಾಹೇಬರು ನಮ್ಮನ್ನೆಲ್ಲ ದೊಡ್ಡ ಕೋಣೆಯಲ್ಲಿ ನಿಲ್ಲಿಸಿ ಮಾತಾಡಿದರು.

"ಇಡೀ ಪ್ರಪಂಚ ಈಗ ಮೆಸೇಜ್ ಮೇಲೆ ನಡೀತಿದೆ. ಮರಳುಗಾಡಲ್ಲಿ ಒಂಟೆ ಕಾಯೋನ ಹತ್ರ ಇದೆ. ಮಂಜುಗಡ್ಡೆ ಮೇಲೆ ಮೀನು ಹಿಡಿಯೋನ ಹತ್ರ ಇದೆ. ಕೋಟಿಗಟ್ಟಲೆ ಜನ ಬೆಳಗ್ಗೆ ಎದ್ದು ಮುಖ ತೊಳೆಯೋಕೆ ಮೊದ್ಲು ಮೆಸೇಜ್ ನೋಡ್ತಾರೆ. ನಾವು ಮಾತ್ರ ಇನ್ನೂ ಬಾಯಲ್ಲಿ ಮಾತಾಡ್ಕೊಂಡು ಕೂತಿದ್ದೀವಿ."

"ನಾಚಿಕೆಗೇಡು ಸಾರ್," ಅಂದ ಹೆಡ್ ಕ್ಲರ್ಕ್. ಕೈಗೆ ಸಿಕ್ಕ ಕಾಗದಕ್ಕೆಲ್ಲ ಚುಚ್ಚಿ ಚುಚ್ಚಿ ಅವನಿಗೆ ಗುಂಡುಸೂಜಿ ಎಂದೇ ಹೆಸರು.

"ನೀರು ಬರದಿದ್ರೆ ಜನ ಮುಖ ತೊಳೆಯೋಕೆ ಮೊದ್ಲು ಏನು ಮಾಡ್ತಾರೆ ಸ್ವಾಮಿ, ಮೆಸೇಜೇ ನೋಡ್ಬೇಕು," ಅಂದೆ. ಸಾಹೇಬರು ಅದನ್ನು ಬೆಂಬಲದ ಮಾತು ಎಂದು ತಿಳಿದು ತಲೆಯಾಡಿಸಿದರು.

ಸಂಜೆಗೆ ಗ್ರೂಪಿನಲ್ಲಿ ಸುತ್ತೋಲೆ ಬಂತು:

"ಸಮಸ್ತ ಸಿಬ್ಬಂದಿಗೂ ನೀರು ಬಳಸುವ ಸಾರ್ವಜನಿಕರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಗ್ರೂಪಿಗೆ ಬಾರದ ಯಾವುದೇ ಸಂಗತಿಯನ್ನು ನಡೆದಿಲ್ಲವೆಂದು ಪರಿಗಣಿಸತಕ್ಕದ್ದು. ದೂರಿನ ಮೇಲೆ ಒಂದು ಹೆಬ್ಬೆಟ್ಟು ಬಿದ್ದಲ್ಲಿ ದೂರನ್ನು ನೋಡಲಾಗಿದೆ ಎಂದೂ, ಎರಡು ಬಿದ್ದಲ್ಲಿ ಕ್ರಮ ಕೈಗೊಳ್ಳಲಾಗಿದೆ ಎಂದೂ, ಮೂರು ಬಿದ್ದಲ್ಲಿ ಕೆಲಸ ಪೂರ್ಣಗೊಂಡಿದೆ ಎಂದೂ ಅರ್ಥೈಸತಕ್ಕದ್ದು. ಪೂರ್ಣಗೊಂಡ ಕೆಲಸವನ್ನು ಪುನಃ ಮಾಡುವ ಸಿಬ್ಬಂದಿಯನ್ನು ಸೇವೆಯಿಂದ ತೆಗೆದುಹಾಕಲಾಗುವುದು."

ಹೆಬ್ಬೆಟ್ಟು ಎಂದರೆ ಮೊಬೈಲಿನಲ್ಲಿ ಮೇಲಕ್ಕೆತ್ತಿದ ಹೆಬ್ಬೆರಳಿನ ಚಿತ್ರ. ನಲವತ್ತು ವರ್ಷ ನಾನು ಸಂಬಳದ ಪುಸ್ತಕದಲ್ಲಿ ಶಾಯಿ ಹಚ್ಚಿದ ಬೆರಳು ಒತ್ತುವಾಗಲೆಲ್ಲ ಗುಂಡುಸೂಜಿಯೂ ಅವನಿಗೆ ಮುಂಚಿನವರೂ "ಬಂತು ನೋಡಿ ಹೆಬ್ಬೆಟ್ಟು" ಎಂದು ನಗುತ್ತಿದ್ದರು. ಈಗ ದೊಡ್ಡ ಓದು ಓದಿದ ಸಾಹೇಬರೂ ಹೆಬ್ಬೆಟ್ಟು, ಗುಂಡುಸೂಜಿಯೂ ಹೆಬ್ಬೆಟ್ಟು. ನಾನು ಅಷ್ಟರಲ್ಲಿ ನೀರಿನ ಬಿಲ್ಲು ನೋಡಿ ನೋಡಿ ಅಕ್ಷರ ಕಲಿತುಬಿಟ್ಟಿದ್ದೆ. ಕಚೇರಿ ನನ್ನ ಮಟ್ಟಕ್ಕೆ ಇಳಿದು ಬರುವ ಹೊತ್ತಿಗೆ ನಾನಲ್ಲಿ ಇರಲಿಲ್ಲ.

ಇನ್ನು ಲಾಂಡ್ರಿಯವಳ ವಿಷಯ. ಗಂಡ ತೀರಿಕೊಂಡ ಮೇಲೆ ಅತ್ತೆಯನ್ನು ಜೊತೆಗಿಟ್ಟುಕೊಂಡು ಮೂಲೆಯಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದಳು. ಎರಡು ಮಷೀನು, ಸಿಮೆಂಟಿನ ನಾಲ್ಕು ತೊಟ್ಟಿ, ಹಿತ್ತಲಿನಲ್ಲಿ ಹಗ್ಗದ ಸಾಲು. ಆಸ್ಪತ್ರೆಯ ಬೆಡ್‌ಶೀಟುಗಳೇ ಅವಳ ಅನ್ನ. ಅತ್ತೆ ಮಡಿಕೆ ಹಾಕಲು ಕೂತರೆ ಇಸ್ತ್ರಿಪೆಟ್ಟಿಗೆ ನಾಚಬೇಕು, ಅಷ್ಟು ನೇರ.

ಅವಳ ಬೀದಿಯ ತಿರುವಿನಲ್ಲಿ ಪೈಪು ಒಡೆಯಿತು. ಗ್ರೂಪಿನ ಆದೇಶದಂತೆ ವಾಲ್ವು ಮುಚ್ಚಿದೆ. ಪೈಪು ಕೂಡಿಸಿದರು. ವಾಲ್ವು ತೆಗೆಯುವ ಆದೇಶ ಬರಲಿಲ್ಲ. ಮೂರನೆಯ ದಿನಕ್ಕೆ ಆಸ್ಪತ್ರೆಯ ದೊಡ್ಡ ನರ್ಸಮ್ಮ ಹೇಳಿ ಕಳಿಸಿದರು: ಗುರುವಾರದೊಳಗೆ ಬೆಡ್‌ಶೀಟು ಬರದಿದ್ದರೆ ಕೆಲಸ ಬೇರೆಯವರಿಗೆ. ಹಾಗಾದರೆ ಅಂಗಡಿಗೆ ಬೀಗ ಎಂಬುದು ಲಾಂಡ್ರಿಯವಳಿಗೂ ಗೊತ್ತು, ಅತ್ತೆಗೂ ಗೊತ್ತು. ಸೋಮವಾರ ಬೆಳಗ್ಗೆ ಅವಳು ಗ್ರೂಪಿಗೆ ದೂರು ಹಾಕಿದಳು: "ಐದು ದಿನದಿಂದ ನೀರಿಲ್ಲ. ದಯವಿಟ್ಟು ವಾಲ್ವ್ ತೆಗೆಯಿರಿ."

ತಪ್ಪಾದದ್ದು ಇಲ್ಲಿ. ಸಾಹೇಬರು ದಿನಾ ಬೆಳಗ್ಗೆ ಆರೂವರೆಗೆ ಗ್ರೂಪಿಗೆ ಒಂದು ಗುಲಾಬಿ ಹೂ ಕಳಿಸುತ್ತಾರೆ, ಕೆಳಗೆ "ಶುಭೋದಯ". ಎರಡು ನಿಮಿಷದೊಳಗೆ ಅದಕ್ಕೆ ಹೆಬ್ಬೆಟ್ಟು ಒತ್ತದವನಿಗೆ ಅರ್ಧ ದಿನ ರಜೆ ಹಾಕಲಾಗುತ್ತದೆ. ಲಾಂಡ್ರಿಯವಳ ದೂರು ಬಂದು ಕೂತದ್ದು ಆರೂವರೆಗೇ, ಹೂವಿನ ಬುಡದಲ್ಲೇ. ಅರ್ಧ ನಿದ್ದೆಯಲ್ಲಿದ್ದ ಹನ್ನೊಂದು ಮಂದಿ ಹೂವಿಗೆಂದು ಒತ್ತಿದ ಹೆಬ್ಬೆಟ್ಟು ದೂರಿನ ಮೇಲೆ ಬಿತ್ತು. ಮೂರು ಬಿದ್ದರೆ ಕೆಲಸ ಪೂರ್ಣ. ಅವಳ ಕೆಲಸ ಮೂರೂವರೆ ಸಲಕ್ಕಿಂತ ಹೆಚ್ಚು ಪೂರ್ಣವಾಗಿತ್ತು.

ಹತ್ತು ಗಂಟೆಗೆ ಪ್ರಕಟಣೆ ಬಂತು: "ಇಲಾಖೆಯ ಚರಿತ್ರೆಯಲ್ಲೇ ಅತಿ ಶೀಘ್ರವಾಗಿ, ಅಂದರೆ ಒಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ, ಬಗೆಹರಿದ ದೂರು. ವಾಲ್ವು ತೆರೆದ ನೀರುಗಂಟಿ ತಾತನವರಿಗೆ ಅಭಿನಂದನೆಗಳು." ಜೊತೆಗೆ ನನ್ನ ಫೋಟೋ. ನನ್ನ ವೇಗದ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲವಾದ್ದರಿಂದ ನಾನು ಆಕ್ಷೇಪಿಸಲಿಲ್ಲ.

ಹತ್ತೂಕಾಲಿಗೆ ಲಾಂಡ್ರಿಯವಳು ಖಾಲಿ ಬಕೆಟ್ಟು ಹಿಡಿದು ಕಚೇರಿಗೆ ಬಂದಳು. ಬಕೆಟ್ಟನ್ನು ಗುಂಡುಸೂಜಿಯ ಮೇಜಿನ ಮೇಲೆ ಇಟ್ಟಳು.

"ಇದೇನಮ್ಮ?" ಅಂದ.

"ನೀವು ಬಿಟ್ಟ ನೀರು. ಎಷ್ಟಿದೆ ನೋಡಿ."

ಅವನು ಬಕೆಟ್ಟಿನೊಳಗೆ ನೋಡಲಿಲ್ಲ. ಮೊಬೈಲು ನೋಡಿದ. "ಹನ್ನೊಂದು ಹೆಬ್ಬೆಟ್ಟು ಬಿದ್ದಿದೆಯಲ್ಲಮ್ಮ. ನೀರು ಬಂದಿದೆ."

"ಸಾರ್, ಬಂದಿಲ್ಲ."

"ನಿಮಗೆ ಬಂದಿಲ್ಲ ಅನ್ನಿ. ದಾಖಲೆಗೆ ಬಂದಿದೆ."

"ನಾನು ದಾಖಲೇಲಿ ಬಟ್ಟೆ ಒಗೀಲಾ?"

"ಅದು ನಿಮ್ಮ ಖಾಸಗಿ ವಿಷಯ. ಇಲಾಖೆ ತಲೆ ಹಾಕೋ ಹಾಗಿಲ್ಲ."

"ತಪ್ಪಾಗಿ ಒತ್ತಿದಾರಲ್ಲ ಸಾರ್, ಹೂವಿಗೆ ಒತ್ತೋಕೆ ಹೋಗಿ. ವಾಪಸ್ ತಗೊಳ್ಳೋಕೆ ಹೇಳಿ."

ಗುಂಡುಸೂಜಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಏನು ಮಾತಾಡ್ತಿದ್ದೀಯಮ್ಮ. ವಾಪಸ್ ತಗೊಂಡ್ರೆ ಇವತ್ತು ಬೆಳಗ್ಗೆ ಹನ್ನೊಂದು ಜನ ಸಾಹೇಬರ ಹೂವಿಗೆ ಹೆಬ್ಬೆಟ್ಟು ಒತ್ತಿಲ್ಲ ಅಂತ ಆಗುತ್ತೆ. ಹನ್ನೊಂದು ಸಂಸಾರ ತಾಯಿ, ಮಕ್ಕಳು ಮರಿ ಇರೋರು."

ಅವಳು ಬಕೆಟ್ಟು ಎತ್ತಿಕೊಂಡಳು.

ನಾನು ಅವಳ ಹಿಂದೆಯೇ ಬೀದಿಗೆ ಹೋದೆ. ವಾಲ್ವಿನ ಕಲ್ಲಿನ ಮೇಲೆ ಅವಳ ಅತ್ತೆ ಮುದುಕಿ ಕೂತಿದ್ದಳು, ಕಲ್ಲು ಎಲ್ಲಿಗಾದರೂ ಓಡಿಹೋದೀತು ಎಂಬಂತೆ.

"ಅಜ್ಜ, ಕೀಲಿ ನಿಮ್ಮ ಕೈಯಲ್ಲೇ ಇದೆ," ಅಂದಳು ಲಾಂಡ್ರಿಯವಳು. "ಎಷ್ಟು ಸುತ್ತು ತಿರುಗಿಸ್ಬೇಕು?"

"ಬೇರೆಯವರಿಗೆ ಹನ್ನೆರಡು. ನನಗೆ ನಾಲ್ಕು."

"ತಿರುಗಿಸಿ ಮತ್ತೆ."

"ಆಗ್ಲೇ ತಿರುಗಿಸಿಬಿಟ್ಟಿದ್ದೀನಲ್ಲ ತಾಯಿ. ಫೋಟೋ ಬಂದಿದೆ. ಇನ್ನೊಂದು ಸಲ ತಿರುಗಿಸಿದ್ರೆ ಮುಗಿದ ಕೆಲಸ ಮತ್ತೆ ಮಾಡ್ದೆ ಅಂತ ಮನೆಗೆ ಕಳಿಸ್ತಾರೆ."

"ಮೂರು ದಿನ ಪೈಪಿಗೆ ಬೆನ್ನು ಕೊಟ್ಟು ನಿಂತ ಗಂಡು ನೀನೇನಾ?" ಅಂದಳು ಮುದುಕಿ, ಕಲ್ಲಿನಿಂದ ಏಳದೆ. "ಆ ಬೆನ್ನು ಎಲ್ಲಿ ಮಾರ್ಕೊಂಡ್ಯಪ್ಪ?"

ಅದು ನನಗೆ ನಾಟಿತು. ನಿಂತಲ್ಲೇ ಒಂದು ಉಪಾಯ ಹುಡುಕಿದೆ. ಅಂಥ ಉಪಾಯ ಇಂಜಿನಿಯರಿಗೂ ಹೊಳೆಯುವುದಿಲ್ಲ. "ನೋಡಮ್ಮ, ನೀರು ಬರ್ತಿಲ್ಲ ಅಂತ ಬರೀಬೇಡ. ನೀರು ಜಾಸ್ತಿ ಬರ್ತಿದೆ, ವಾಲ್ವ್ ಮುಚ್ಚಿ ಅಂತ ಬರಿ. ಮುಚ್ಚೋಕೆ ನನಗೆ ಆದೇಶ ಬರುತ್ತೆ. ಮುಚ್ಚಿರೋದನ್ನ ಮುಚ್ಚೋಕಾಗುತ್ತಾ? ಮೊದ್ಲು ತೆಗೀಬೇಕು. ತೆಗೆದವನು ಮುಚ್ಚೋದನ್ನ ಮರೀತೀನಿ. ನನಗೆ ವಯಸ್ಸಾಗಿದೆ."

ಅವಳು ಐದು ದಿನದಲ್ಲಿ ಮೊದಲ ಸಲ ನಕ್ಕಳು. ಅಲ್ಲೇ ನಿಂತು ಬರೆದಳು. ನಾನು ಕಲ್ಲು ಸರಿಸಿ, ಕೀಲಿಯನ್ನು ವಾಲ್ವಿನ ತಲೆಗೆ ಕೂರಿಸಿ ಕಾದೆ. ಒಂದು ಹೆಬ್ಬೆಟ್ಟು ಬಿತ್ತು. ನಾನು ಅಂಗೈ ಉಜ್ಜಿಕೊಂಡೆ. ಎರಡನೆಯದು ಬೀಳುವಷ್ಟರಲ್ಲಿ ಮೂರನೆಯದೂ ಬಿತ್ತು. ಕೀಲಿ ಒಂದು ಕೂದಲಿನಷ್ಟೂ ತಿರುಗುವ ಮೊದಲೇ ವಾಲ್ವು ಮುಚ್ಚಿದ ಕೆಲಸ ಪೂರ್ಣವಾಗಿತ್ತು. ನನಗೆ ಇನ್ನೊಂದು ಅಭಿನಂದನೆ ಬಂತು.

ಲಾಂಡ್ರಿಯವಳು ಟ್ಯಾಂಕರಿನವರನ್ನು ಕೇಳಿದಳು. ನೀರಿಲ್ಲದ ಬೀದಿಗೆ ಮಾತ್ರ ಬರುತ್ತೇವೆ, ನಿಮ್ಮ ಬೀದಿಯಲ್ಲಿ ನೀರು ಹೆಚ್ಚಾಗಿ ಮುಚ್ಚಿಸಿದ್ದೀರಂತಲ್ಲ ಎಂದರು. ಅವರೂ ಗ್ರೂಪಿನಲ್ಲಿದ್ದರು.

ಗುರುವಾರ ಬೆಳಗ್ಗೆ ಆಸ್ಪತ್ರೆಯ ವ್ಯಾನು ಬಂತು, ದೊಡ್ಡ ನರ್ಸಮ್ಮನೇ ಇಳಿದರು. ಅಂಗಡಿಯ ತುಂಬ ಕೊಳೆ ಬೆಡ್‌ಶೀಟಿನ ಗಂಟು. ಲಾಂಡ್ರಿಯವಳು ಕೈಕಟ್ಟಿ ನಿಂತಿದ್ದಳು. ಬೀಗದ ಕೈ ಆಗಲೇ ಅತ್ತೆಯ ಮಡಿಲಿನಲ್ಲಿತ್ತು.

"ಒಗೆದಿದೆಯಾ?" ಅಂದರು ನರ್ಸಮ್ಮ.

"ಇಲ್ಲ ಅಮ್ಮಾ, ನೋಡಿ, ಹಾಗೇ ಇದೆ. ನೀರು..."

"ನಾನು ಯಾಕೆ ನೋಡ್ಲಿ? ನಮ್ಮ ಆಸ್ಪತ್ರೇದೂ ಈಗ ಗ್ರೂಪ್ ಆಗಿದೆ. ಒಗೆದ ಬಟ್ಟೆ ಫೋಟೋ ಹಾಕ್ಬೇಕು. ಹೆಬ್ಬೆಟ್ಟು ಬಿದ್ರೆ ಒಗೆದ ಹಾಗೆ, ಬೀಳ್ದಿದ್ರೆ ಇಲ್ಲ. ಕಣ್ಣಲ್ಲಿ ನೋಡೋಕೆ ನನಗೆ ಅಧಿಕಾರ ಇಲ್ಲ. ಫೋಟೋ ಇದೆಯೋ ಇಲ್ವೋ, ಅದನ್ನ ಹೇಳಿ."

ಲಾಂಡ್ರಿಯವಳು ಅತ್ತೆಯ ಕಡೆ ನೋಡಿದಳು. ಅತ್ತೆ ಗೋಡೆಯ ಕಡೆ ನೋಡಿದಳು. ಲಾಂಡ್ರಿಯವಳು ಸೆರಗಿನಲ್ಲಿ ಮೊಬೈಲು ಒರೆಸಿ, ಹಿಂದಿನ ತಿಂಗಳು ಹಿತ್ತಲಿನಲ್ಲಿ ಬಿಸಿಲಿಗೆ ಹಾಕಿದ್ದ ಬೆಡ್‌ಶೀಟುಗಳ ಫೋಟೋ ಹುಡುಕಿ ಕಳಿಸಿದಳು. ಹಾಲಿನಲ್ಲಿ ಅದ್ದಿದಂಥ ಬಿಳುಪು. ಮೊದಲ ಹೆಬ್ಬೆಟ್ಟು ನರ್ಸಮ್ಮನದೇ. ನಂತರ ದೊಡ್ಡ ಡಾಕ್ಟರದು, ಉಗ್ರಾಣದವನದು.

"ಎಷ್ಟು ಚೆನ್ನಾಗಿ ಒಗೆದಿದ್ದೀರಿ," ಅಂದರು ನರ್ಸಮ್ಮ, ಮೂಗಿಗೆ ಕರ್ಚೀಫು ಹಿಡಿದು. "ಗಂಟು ವ್ಯಾನಿಗೆ ಹಾಕಿ."

ಹಾಕಿದರು. ಆಸ್ಪತ್ರೆಯಲ್ಲಿ ಅವೇ ಹಾಸಿದರು. ಒಬ್ಬ ರೋಗಿ ಮಾತ್ರ ತಕರಾರು ತೆಗೆದ. ಬೆಡ್‌ಶೀಟಿನ ಮೇಲೆ ಹಿಂದಿನ ರೋಗಿಯ ಔಷಧಿಯ ಕಲೆ ಹಾಗೇ ಇದೆ ಎಂದು. ನರ್ಸಮ್ಮ ಅವನಿಗೆ ಫೋಟೋ ತೋರಿಸಿದರು. ಅವನು ಫೋಟೋ ನೋಡಿದ, ಬೆಡ್‌ಶೀಟು ನೋಡಿದ, ಮತ್ತೆ ಫೋಟೋ ನೋಡಿದ. "ನನ್ನ ಕಣ್ಣೂ ತೋರಿಸ್ಕೋಬೇಕು ಅನ್ಸುತ್ತೆ," ಅಂದ. ಕಣ್ಣಿನ ವಿಭಾಗಕ್ಕೆ ಬರೆದುಕೊಟ್ಟರು.

ಹೀಗೆ ಎರಡು ತಿಂಗಳು ನಡೆಯಿತು. ಫೋಟೋ ಅದೇ ಒಂದು. ಆಸ್ಪತ್ರೆಯವರು ಲಾಂಡ್ರಿಯವಳಿಗೆ ಅತ್ಯುತ್ತಮ ಸ್ವಚ್ಛತೆಯ ಪ್ರಶಸ್ತಿ ಕೊಟ್ಟರು. ಅದೂ ಮೊಬೈಲಿನಲ್ಲೇ ಬಂತು. ಬೇರೆ ಆಸ್ಪತ್ರೆಗಳೂ ಅವಳನ್ನು ಹುಡುಕಿಕೊಂಡು ಬಂದವು. ಮಷೀನು ಎರಡನ್ನೂ ಹೊರಗೆ ಹಾಕಿಸಿ, ಆ ಜಾಗದಲ್ಲಿ ಗಂಟುಗಳನ್ನು ಪೇರಿಸಿದಳು.

ಆಮೇಲೆ ಸಾಹೇಬರ ಹೆಂಡತಿ ಮಗಳ ಮನೆಯಿಂದ ವಾಪಸು ಬಂದರು. ಸಾಹೇಬರ ಮನೆ ಅದೇ ಬೀದಿಯ ಕೊನೆಯಲ್ಲಿದೆ. ಇಷ್ಟು ದಿನ ಸಾಹೇಬರು ಸ್ನಾನವನ್ನು ಕಚೇರಿಯ ನೀರಿನ ಟ್ಯಾಂಕಿನ ಬುಡದಲ್ಲೇ ಮುಗಿಸುತ್ತಿದ್ದರು, ಬಟ್ಟೆಯನ್ನು ಲಾಂಡ್ರಿಯವಳಿಗೆ ಕೊಟ್ಟು ಫೋಟೋ ತರಿಸಿಕೊಳ್ಳುತ್ತಿದ್ದರು. ಹೆಂಡತಿ ನಲ್ಲಿ ತಿರುಗಿಸಿದರು, ನೀರು ಬರಲಿಲ್ಲ. ಆಕೆ ಗ್ರೂಪಿಗೆ ಏನೂ ಬರೆಯಲಿಲ್ಲ. ಬಾಯಲ್ಲೇ ಹೇಳಿದರು. ಇಡೀ ಬೀದಿಗೆ ಕೇಳಿಸಿತು. ಐದು ನಿಮಿಷಕ್ಕೆ ಸಾಹೇಬರು ಕಾಲಿಗೆ ಚಪ್ಪಲಿಯೂ ಇಲ್ಲದೆ ನನ್ನ ಮನೆಗೆ ಬಂದರು.

"ತಾತಾ, ವಾಲ್ವ್ ತೆಗೀರಿ. ಗ್ರೂಪಲ್ಲಿ ಹಾಕೋದು ಬೇಡ."

"ಗ್ರೂಪಿಗೆ ಬಾರದ್ದು ನಡೆದಿಲ್ಲ ಅಂತ ಅಲ್ವೇ ಸ್ವಾಮಿ?"

"ಹೌದು. ಇದು ನಡೆಯೋದು ಬೇಡ. ನೀರು ಮಾತ್ರ ಬರ್ಲಿ."

ಇಷ್ಟು ಸ್ಪಷ್ಟವಾದ ಆದೇಶ ನನಗೆ ವರ್ಷದಿಂದ ಸಿಕ್ಕಿರಲಿಲ್ಲ. ಕೀಲಿ ಹೆಗಲಿಗೇರಿಸಿ ಹೋದೆ. ನಾಲ್ಕೇ ಸುತ್ತು. ಪೈಪಿನೊಳಗೆ ನೀರು ಕೆಮ್ಮಿ ಕೆಮ್ಮಿ ಎದ್ದ ಸದ್ದು ನನ್ನ ಪಾದಕ್ಕೆ ಕೇಳಿಸಿತು. ಮೊದಲು ಲಾಂಡ್ರಿಗೇ ಓಡಿದೆ. ಮೂಲೆಯ ನಲ್ಲಿ ತುಕ್ಕು ಉಗುಳಿ, ಆಮೇಲೆ ಬೆಳ್ಳಗೆ ಸುರಿಯತೊಡಗಿತ್ತು. ಅಷ್ಟು ದಿನ ಆ ನೀರಿಗಾಗಿ ಬಕೆಟ್ಟು ಹೊತ್ತು ಅಲೆದವಳು ನಲ್ಲಿಯ ಮುಂದೆ ನಿಂತಿದ್ದಳು. ಬೆರಳು ಚಾಚಿ ಧಾರೆಯನ್ನು ಮುಟ್ಟಿದಳು, ತಕ್ಷಣ ಹಿಂದಕ್ಕೆ ತೆಗೆದು ಸೀರೆಗೆ ಒರೆಸಿಕೊಂಡಳು.

"ಬಂತಲ್ಲ ತಾಯಿ," ಅಂದೆ.

"ಅಜ್ಜ, ನಮ್ಮ ಅಂಗಡಿಗೆ ಬರೋ ಪೈಪಿಗೆ ಬೇರೆ ವಾಲ್ವ್ ಇದೆಯಲ್ಲ, ಮೆಟ್ಟಿಲ ಪಕ್ಕ?"

"ಇದೆ."

"ಅದನ್ನ ಮುಚ್ಚಿಬಿಡಿ."

ನನಗೆ ಕಿವಿ ಸರಿಯಾಗಿ ಕೇಳಿಸಲಿಲ್ಲವೇನೋ ಅನ್ನಿಸಿತು. ನನ್ನ ಕಿವಿಗೆ ಅಂಥ ತೊಂದರೆ ಎಂದೂ ಬಂದದ್ದಿಲ್ಲ. "ಯಾಕಮ್ಮ?"

ಅವಳು ಗೋಡೆಗೆ ತಾಗುವಂತೆ ಪೇರಿಸಿದ ನಾಲ್ಕು ಆಸ್ಪತ್ರೆಗಳ ಗಂಟನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ನೀರು ಬಂದ್ರೆ ಇಷ್ಟನ್ನೂ ಒಗೀಬೇಕಾಗುತ್ತೆ ಅಜ್ಜ."

ನ್ಯಾಯವಾದ ಮಾತು. ನಾನು ಮೆಟ್ಟಿಲ ಪಕ್ಕ ಮಂಡಿಯೂರಿ ಮುಚ್ಚಿದೆ. ಒಳಗಿನಿಂದ ಅತ್ತೆ ಕೇಳಿದಳು, ಬಿಗಿಯಾಗಿ ಮುಚ್ಚಿದೆಯಾ, ಆಮೇಲೆ ತೊಟ್ಟಿಕ್ಕಬಾರದು ನೋಡು ಎಂದು. ಇಷ್ಟು ವರ್ಷದಲ್ಲಿ ನಾನು ಮುಚ್ಚಿದ ವಾಲ್ವಿನಿಂದ ಒಂದು ಹನಿ ನೀರು ಆಚೆ ಬಂದದ್ದನ್ನು ಯಾರಾದರೂ ಕಂಡಿದ್ದರೆ ಬಂದು ಹೇಳಲಿ ಎಂದೆ.