ಕಾಕಿ ನಂಬದ ಆಫ್ರಿಕಾ

ನಾನೂ ಮಿಸ್ತ್ರಿ ಕಾಕಾನೂ ಕೂಡಿ ಎಲ್ಲಿಗೆ ಹೋದ್ರೂ ಸುಮ್ನ ಹೋಗಿ ಸುಮ್ನ ಬಂದಿದ್ದು ಇಲ್ಲ. ಮಸ್ಕಿಗೆ ಒಂದು ಬೋಲ್ಟು ತರಾಕ ಹೋದ್ರೂ ಬರೋದ್ರೊಳಗ ಒಂದು ಫಜೀತಿ ಆಗಿರತೈತಿ. ಅಂಥವರನ್ನ ಆಫ್ರಿಕಾಕ್ಕ ಕಳಿಸಿದ್ರು ನೋಡ್ರಿ.

ನಾ ಸಿಂಧನೂರಿನ್ಯಾಗ ಬಿ.ಕಾಂ. ಎರಡನೇ ವರ್ಷಕ್ಕ ಕಾಲೇಜಿಗೆ ಕೈ ಮುಗಿದವ. ಕಾಲೇಜಿನವರು ಅದಕ್ಕಿಂತ ಭಕ್ತಿಲೆ ನನಗ ಕೈ ಮುಗಿದ್ರು. ಆಮ್ಯಾಲ ಅಕ್ಕಿ ಮಿಲ್ಲಿನ ಮಷಿನ್ ಕೂಡ್ಸೋ ಕೆಲಸ ಹಿಡಿದೆ. ಗುರುಗುಂಟಾದ ಕಾಕಾ ಆ ಕೆಲಸದಾಗ ಉಸ್ತಾದ. ನೈರೋಬಿ ಹತ್ರ ಒಬ್ಬ ಸಾವುಕಾರ ಹೊಸ ಮಿಲ್ ಹಾಕಾಕತ್ತಿದ್ದ, ನಾವಿಬ್ರೂ ಒಂದು ತಿಂಗಳಿಗೆ ಹೋದ್ವಿ. ಒಂದು ಐತವಾರ ಅವನೇ ರಜಾ ಕೊಟ್ಟ, ಜೀಪ್ ಕೊಟ್ಟ, ಡ್ರೈವರನ್ನೂ ಕೊಟ್ಟ. "ಸಿಂಹ, ಜಿರಾಫೆ, ಕುಣಿತ, ಬಜಾರ, ಎಲ್ಲಾ ಒಂದೇ ದಿನಕ್ಕ ಮುಗಿಸ್ಕೊಂಡು ಬರ್ರಿ" ಅಂದ.

ತಕರಾರು ಇದ್ದಿದ್ದು ಊರಾಗಿನ ಕಾಕಿದು. ಗಂಡ ಆಫ್ರಿಕಾಕ್ಕ ಹೋಗ್ಯಾನ ಅಂದ್ರ ಆಕಿ ನಂಬವಲ್ಲಳು. ಆಕಿದೇನೂ ತಪ್ಪಿಲ್ಲ. ಹಿಂದಕ ಒಮ್ಮೆ ಕಾಕಾ "ಶ್ರೀಶೈಲಕ್ಕ ಹೊಂಟೀನಿ" ಅಂತ ಹೇಳಿ ಲಿಂಗಸುಗೂರಿನ್ಯಾಗ ಗೆಳೆಯನ ಮನ್ಯಾಗ ನಾಕು ದಿನ ಇಸ್ಪೀಟ್ ಆಡಿದ್ದ. ಈ ಐತವಾರ ಮುಂಜಾನೆ ನನ್ನ ವಾಟ್ಸಾಪಿಗೆ ಆಕಿ ದನಿ ಬಂತು:

"ತಮ್ಮಾ, ನಿಮ್ಮ ಕಾಕಾಗ ಹೇಳು. ಇವತ್ತ ದೀಪ ಹಚ್ಚೋದ್ರೊಳಗ ನನಗ ಆಫ್ರಿಕಾ ತೋರಸಬೇಕು. ಇಲ್ಲಂದ್ರ ನಾಳಿ ಸಂತ್ಯಾಗ ಟಗರು ಮಾರ್ತೀನಿ."

ಆ ಟಗರಿಗೆ ಕಾಕಾ ದಿನಾ ಬಾದಾಮಿ ತಿನ್ನಸ್ತಾನ. ಹೊಟ್ಟಿಲೆ ಹುಟ್ಟಿದ ಮಗಗ ಶೇಂಗಾ ತಿನ್ನಿಸಿದ್ದು ನಾ ನೋಡಿಲ್ಲ. ಕಾಕಾನ ಮಾರಿ ಸಣ್ಣದಾತು. "ಲೇ, ಮೊಬೈಲ್ ತಗಿಲೇ! ಇವತ್ತ ನೀ ಸಿಕ್ಕಿದ್ದೆಲ್ಲಾ ಹೊಡಿ!"

ವಿಡಿಯೋ ಕಾಲಿಗೆ ಅಲ್ಲಿ ನೆಟ್‌ವರ್ಕ್ ಬಗ್ಗಲಿಲ್ಲ. ಫೋಟೋ, ಸಣ್ಣ ವಿಡಿಯೋ ಅಷ್ಟ ಹೋಗತಿದ್ವು.

ಎಮ್ಮಿ

ಆಫ್ರಿಕಾ ಅಂದ್ರ ಕಗ್ಗಾಡು ಅನ್ಕೊಂಡಿದ್ವಿ. ನೈರೋಬಿ ಬಾಜೂಕ ಇದ್ದ ಕಾಡಿನ ಗೇಟ್ ದಾಟಿ ನೋಡಿದ್ರ ಎರಿ ಮಣ್ಣು, ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ.

"ಲೇ, ಎರಡು ವಿಮಾನ ಬದಲಿ ಮಾಡಿ ನಮ್ಮ ಹೊಲಕ್ಕ ಬಂದ್ವಲ್ಲೋ!" ಅಂದ ಕಾಕಾ.

ಅಷ್ಟೊತ್ತಿಗೆ ಡ್ರೈವರ್ ಜೀಪ್ ನಿಲ್ಲಿಸಿ ಕಾಡೆಮ್ಮಿ ತೋರಿಸಿದ. "ಸಿಂಹನೂ ಇದಕ್ಕ ಅಂಜತೈತಿ, ಕೆಳಗ ಇಳೀಬ್ಯಾಡ್ರಿ" ಅಂತ ಇಂಗ್ಲಿಷಿನ್ಯಾಗ ಪಿಸುಗುಟ್ಟಿದ. ಜೀಪಿನ್ಯಾಗ ಕುಂತ ಫೋಟೋ ಹೊಡೆದು ಕಳಿಸಿದೆ.

ಕಾಕಿ ಉತ್ತರ ಬಂತು: "ತಮ್ಮಾ, ಇದು ಮಸ್ಕಿ ಹತ್ರದ ಜಾಲಿ ಬನ. ಆ ಎಮ್ಮಿ ನಮ್ಮ ಅಕ್ಕನ ಮನೀದು. ಹಾಲು ಕೊಡವಲ್ದು ಅಂತ ಹೋದ ತಿಂಗಳ ಮಾರ್ಯಾರ."

ಸಿಂಹ

ಎರಡು ತಾಸು ತಿರುಗಿದ ಮ್ಯಾಲ ಸಿಂಹ ಸಿಕ್ಕಿತು. ಸಿಕ್ಕಿತು ಅಂದ್ರ ಹುಲ್ಲಿನ್ಯಾಗ ನಮ್ಮ ಕಡಿಗೆ ಬೆನ್ನು ಮಾಡಿ ಮಲಗಿತ್ತು. ಫೋಟೋ ಹೋತು. "ನಾಯಿ" ಅಂತ ಒಂದ ಮಾತು ಬಂತು.

ಕಾಕಾಗ ಸಿಟ್ಟು ಬಂತು. ಸಿಂಹದ ಮ್ಯಾಲ. "ಏಳೋ ಮಾರಾಯಾ! ನನ್ನ ಟಗರಿನ ಜೀವ ನಿನ್ನ ಕೈಯಾಗೈತಿ!" ಟಗರಿನ ಜೀವಕ್ಕ ಸಿಂಹದ ಕಾಲು ಹಿಡಿದ ಮೊದಲನೇ ಮನುಷ್ಯಾ ನಮ್ಮ ಕಾಕಾನೇ ಇರಬೇಕು.

ಪುಣ್ಯಾಕ್ಕ ಅದು ಎದ್ದಿತು. ನಮ್ಮ ಕಡೆ ಹೊಳ್ಳಿ, ಕೇಸರ ಝಾಡಿಸಿ, ಬಾಯಿ ತುಂಬ ಆಕಳಿಸಿತು. ಹಿಂದ ಸೂರ್ಯಾ ಬ್ಯಾರೆ. ನಾ ಜೀವನದಾಗ ಅಂಥಾ ಚಂದ ವಿಡಿಯೋ ತಗದಿಲ್ಲ.

ಕಾಕಿ ಅಂದ್ಲು: "ಇಷ್ಟು ಚಂದ ಸಿಂಹ ಎಲ್ಲೈತಿ? ಇದು ಎಐ. ನಮ್ಮೂರ ಹುಡುಗ್ರು ಹೋದ ವಾರ ಪಂಚಾಯ್ತಿ ಮೆಂಬರನ್ನ ಡೈನೋಸಾರ್ ಮ್ಯಾಲ ಕೂಡ್ಸಿದ್ರು. ಅದು ಇದಕ್ಕಿಂತ ಖರೇ ಕಾಣತಿತ್ತು."

ಜಿರಾಫೆ

ಮುಂದ ಜಿರಾಫೆಗೆ ಕೈಯಾರೆ ತಿನಿಸು ತಿನ್ನಿಸೋ ಜಾಗ. ಕಟ್ಟಿಗಿ ಅಟ್ಟದ ಮ್ಯಾಲ ನಿಂತ್ರ ಜಿರಾಫೆ ಮಾರಿ ನಮ್ಮ ಮಾರಿಗೆ ಸಮ ಬರತೈತಿ. ಅಲ್ಲಿಯವರು ಕೊಟ್ಟ ತಿನಿಸು ಬಿಟ್ಟು ಕಾಕಾ ಚೀಲದಾಗಿಂದ ಜೋಳದ ರೊಟ್ಟಿ ತಗದ.

"ಹೊರಗಿಂದು ಕೊಡಂಗಿಲ್ಲಂತ ಕಾಕಾ."

"ರೊಟ್ಟಿ ಹೊರಗಿಂದು ಹೆಂಗ ಆಗತೈತೋ? ನಿಮ್ಮ ಕಾಕಿ ಮನ್ಯಾಗ ಬಡಿದಿದ್ದು."

ಡ್ರೈವರ್ ರೊಟ್ಟಿ ಕಸ್ಕೊಂಡ. ಜಿರಾಫೆಗೂ ಬ್ಯಾಸರ ಆತೇನೋ, ಮೊಳದುದ್ದ ನಾಲಿಗಿ ಚಾಚಿ ಕಾಕಾನ ಹಣೀ ಮ್ಯಾಲಿನ ವಿಭೂತಿ ಒಂದ ಸಲಕ್ಕ ನೆಕ್ಕಿ ಒರೆಸಿಬಿಟ್ಟಿತು. "ಶಿವ ಶಿವಾ!" ಅಂತ ಕಾಕಾ ಕಣ್ಣು ಮುಚ್ಚಿದ. ನಾ ಇಬ್ರನ್ನೂ ಕೂಡಿಸಿ ಫೋಟೋ ಹೊಡೆದೆ. ಇದನ್ನ ಹೆಂಗ ನಂಬಂಗಿಲ್ಲ ನೋಡೋಣು ಅಂತ ಕಳಿಸಿದೆ.

"ಜಿರಾಫೆ ಇರಬೌದು," ಅಂದ್ಲು ಕಾಕಿ. "ಆದ್ರ ಹಣೀ ಮ್ಯಾಲ ವಿಭೂತಿ ಇಲ್ಲದ ಆ ಮನುಷ್ಯಾ ನನ್ನ ಗಂಡ ಅಲ್ಲ."

ಹೊತ್ತು

ಊಟ ಆದ ಮ್ಯಾಲ ಅಲ್ಲಿಯ ಜನರ ಕುಣಿತ ನೋಡಾಕ ಕುಂತ್ವಿ. ಡೋಲಿನ ಬಡಿತಕ್ಕ ಕಾಕಾನ ಕಾಲು ತಾನ ಹೊಯ್ದಾಡತಿತ್ತು. ಎಲ್ಲಾ ಮರೆತು ಖುಷಿಯಾಗಿದ್ದ. ಆಗ ಕಾಕಿ ದನಿ: "ಬತ್ತಿ ಹೊಸಿಯಾಕತ್ತೀನಿ."

"ಇನ್ನೂ ಇಷ್ಟು ಬಿಸಲೈತಲ್ಲೋ!"

"ನಮ್ಮೂರ ಗಡಿಯಾರ ಇಲ್ಲಿಗಿಂತ ಎರಡೂವರೆ ತಾಸು ಮುಂದ ಕಾಕಾ." ಬಿಸಲಿನ ಫೋಟೋನೂ ಕಳಿಸಿದೆ. 'ಮಧ್ಯಾಹ್ನ ತಗದಿಟ್ಟಿದ್ದು' ಅಂದ್ಲು.

ಕಾಕಾ ಉಸ್ ಅಂತ ಕುಂತ. "ಮದುವಿ ಆದಾಗಿಂದ ಆಕಿ ಎಲ್ಲಾದ್ರಾಗೂ ನನಗಿಂತ ಮುಂದ. ಈಗ ಸೂರ್ಯಾನೂ ಆಕಿ ಪಾರ್ಟಿ ಸೇರಿದ."

ನಾಕು ಬೆರಳು

ಹೊರಗ ಬಜಾರದಾಗ ಒಬ್ಬ ಮಸಾಯಿ ಮುದುಕ ಕೆಂಪು ಚೌಕಡಿ ಹೊದಿಕಿ ಮಾರಾಕತ್ತಿದ್ದ. ದನ ಕಾಯೋ ಜನ ಹೊದೆಯೋ ಹೊದಿಕಿ ಅದು. "ಟಗರಂತೂ ಹೋತು, ನಿಮ್ಮ ಕಾಕಿಗಾದ್ರೂ ಒಂದು ಒಯ್ಯೋಣು" ಅಂದ ಕಾಕಾ.

ಕಾಕಾನ ವ್ಯಾಪಾರ ಅಂದ್ರ ಲಿಂಗಸುಗೂರು ತಾಲೂಕಿನ ದಲ್ಲಾಳಿಗಳು ಎದ್ದು ಹೋಗ್ತಾರ. "ಭಾಷಾ ಬರಲ್ಲಂದ್ರೂ ಬೆರಳು ಬರತಾವಲೇ" ಅಂದವನೇ ದನದ ಸಂತ್ಯಾಗ ಮಾಡಿದಂಗ ಟವೆಲ್ ಹಾಸಿ ಅದರ ಕೆಳಗ ಮುದುಕನ ಕೈ ಹಿಡಿದ. ನಾ ಮೊಬೈಲ್ ತಗದು ವಿಡಿಯೋ ಶುರು ಮಾಡಿ, ಕಾಮೆಂಟ್ರಿನೂ ಹೇಳಾಕತ್ತಿದೆ.

ಮುದುಕಗ ಎಲ್ಲಾ ತಿಳೀತು. ಕಾಕಾನ ನಾಕು ಬೆರಳು ಹಿಡಿದ. ನಾಕು ನೋಟು. ಕಾಕಾ ಎರಡು ಬೆರಳು ಬಿಡಿಸ್ಕೊಂಡ. ಮುದುಕ ಅವನ್ನ ಹುಡುಕಿ ಮತ್ತ ಹಿಡ್ಕೊಂಡ. ಕಾಕಾ "ಥೂ, ಬ್ಯಾಡ ಹೋಗ್" ಅಂತ ಎದ್ದು ಜೀಪಿನ ತನಕ ಹೋದ. ಯಾರೂ ಕರೀಲಿಲ್ಲ. ತಾನ ತಿರುಗಿ ಬಂದ. ಮತ್ತ ಹೋದ, ಮತ್ತ ಬಂದ. ಮೂರನೇ ಸಲ ಬಂದಾಗ ಮುದುಕ ಹೊದಿಕಿ ಮಡಚಿ ಕೊಡಾಕ ತಯಾರಾಗಿ ಕುಂತಿದ್ದ, ಬೆರಳು ಮಾತ್ರ ನಾಕ.

ಕಾಕಾ ನಾಕು ನೋಟು ಎಣಿಸಿ ಕೊಟ್ಟ. ಕೈ ಮುಗಿದು ಅಂದ: "ಗೆದ್ದಿ ಬಿಡಪಾ."

ಅದನ್ನೂ ಕಳಿಸಿದೆ. ಊರಾಗ ದೀಪ ಹಚ್ಚೋ ಹೊತ್ತು ಆಗಿತ್ತು. ಕಾಕಾ ಹೊದಿಕಿ ಎದಿಗೆ ಅವಚ್ಕೊಂಡು ನನ್ನ ಮೊಬೈಲನ್ನೇ ನೋಡ್ಕೊಂತ ನಿಂತಿದ್ದ. ಕೊನಿಗೆ ಕಾಕಿ ದನಿ ಬಂತು, ಸ್ವಲ್ಪ ಮೆತ್ತಗ:

"ತಮ್ಮಾ, ನಮ್ಮ ಸೀಮ್ಯಾಗ ಈ ಮನುಷ್ಯಾ ಹೇಳಿದ ರೇಟು ಯಾರಿಗೂ ಕೊಟ್ಟಿಲ್ಲ. ಖರೇನ ಬ್ಯಾರೆ ದೇಶಕ್ಕ ಹೋಗ್ಯಾನ. ಟಗರು ಮಾರಂಗಿಲ್ಲ ಅಂತ ಹೇಳು."

ಕಾಕಾ "ಹರ ಹರ ಮಹಾದೇವ!" ಅಂತ ಬಜಾರ ಹಾರಿಹೋಗಂಗ ಒದರಿದ. ಅದರ ಬೆನ್ನಿಗೇ ಇನ್ನೊಂದು ದನಿ ಬಂತು:

"ಹಂಗ ಆ ಮುದುಕಪ್ಪನ ಫೋನ್ ನಂಬರ್ ಇಸ್ಕೊಂಡು ಬಾ ತಮ್ಮಾ. ನನಗ ಬೇಕಾಗತೈತಿ."